ನೋಡಬಾರದ ಬಿರುಕು

ಗುಡ್ಡ ಹತ್ತುವುದಕ್ಕೆ ತದಾಸಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾರ ಕಣ್ಣಿಗೂ ಬೀಳಬಾರದಿತ್ತು, ಅಷ್ಟೇ. ಬೆಳಕು ಹರಿಯುವ ಹೊತ್ತಿಗೆ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಮುದ್ರದ ಕಡೆ ಹೊರಟವನಂತೆ ಮನೆಯಿಂದ ಇಳಿದು, ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ಅಂಚಿನವರೆಗೂ ನಡೆದು, ಅಲ್ಲಿಂದ ತೊರೆಯ ಮಗ್ಗುಲು ಹಿಡಿದು ಸದ್ದಿಲ್ಲದೆ ಮೇಲಕ್ಕೆ ತಿರುಗುತ್ತಿದ್ದ. ದಾರಿಯಲ್ಲಿ ಯಾರಾದರೂ ಸಿಕ್ಕಿ ಎಲ್ಲಿಗೆ ಎಂದರೆ "ಇಲ್ಲೇ, ಮೀನಿಗೆ" ಅನ್ನುತ್ತಿದ್ದ. ಕೈಯಲ್ಲಿ ಬಲೆ ಇಲ್ಲ, ಗಾಳ ಇಲ್ಲ. ಕೇಳಿದವನೂ "ಒಳ್ಳೇ ಮೀನು ಸಿಗ್ಲಿ" ಎಂದು ಹಾರೈಸಿ ಮುಂದೆ ಹೋಗುತ್ತಿದ್ದ. ಪೊನ್ಪೆ ದ್ವೀಪದ ಗಂಡಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸುಳ್ಳುಗಳಲ್ಲೆಲ್ಲ ಇದು ಬಲು ಮರ್ಯಾದಸ್ಥ ಸುಳ್ಳು.

ವಿಷಯ ಇಷ್ಟೇ. ಹಬ್ಬಕ್ಕೆ ತರುವ ದೊಡ್ಡ ಗೆಡ್ಡೆಯನ್ನಾಗಲಿ, ಸಕಾವ್ ಗಿಡವನ್ನಾಗಲಿ ಅಲ್ಲಿ ಯಾರೂ ಕಾಣುವ ಹಾಗೆ ಬೆಳೆಯುವುದಿಲ್ಲ. ಸಕಾವ್ ನಮ್ಮ ಮೆಣಸಿನ ಬಳ್ಳಿಯ ಕುಲದ್ದು, ಎಲೆ ವೀಳ್ಯದೆಲೆಯಂತೆ. ಅದರ ಬೇರನ್ನು ಕಲ್ಲಿನ ಮೇಲೆ ಜಜ್ಜಿ, ದಾಸವಾಳದ ಜಾತಿಯ ಮರದ ನಾರಿನಲ್ಲಿ ಹಿಂಡಿ, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಾರೆ. ನಾಲಿಗೆ ಜುಮ್ಮೆನ್ನುತ್ತದೆ, ಜಗಳ ಮರೆಯುತ್ತದೆ. ಮದುವೆ, ಸಾವು, ಪದವಿ ಕೊಡುವುದು, ಯಾವುದೂ ಅದಿಲ್ಲದೆ ಆಗುವುದಿಲ್ಲ. ಗಿಡ ಎಲ್ಲಿ ನೆಟ್ಟಿದ್ದೀಯ ಎಂದು ಕೇಳುವುದು ಹೇಸಿಗೆ. ಕಾಡಿನಲ್ಲಿ ಬೇರೆಯವನ ತೋಟ ಅಕಸ್ಮಾತ್ ಎದುರಾದರೆ ಮುಖ ತಿರುಗಿಸಬೇಕು, ನೋಡಿದೆ ಅಂತ ಸಾಯುವ ತನಕ ಬಾಯಿಬಿಡಬಾರದು. ಹೆಂಡತಿಗೂ ಗಂಡನ ತೋಟ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಚೆಂದದ ಪದ್ಧತಿ ಎಂದು ಮೊದಲು ಕೇಳಿದವರಿಗೆಲ್ಲ ಅನ್ನಿಸುತ್ತದೆ. ಈಗ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ತದಾಸಿ ಆ ಪದ್ಧತಿಯಲ್ಲೇ ಅರಳಿದ ಮನುಷ್ಯ. ಮಾತು ಕಡಿಮೆ, ಗಡ್ಡ ಬಿಳಿ, ಮೊಣಕಾಲು ಗಟ್ಟಿ. ಹೆಂಡತಿ ತೀರಿಕೊಂಡ ಮೇಲೆ ತಂಗಿ ಕಿಯೋಮಿಯೇ ಅವನಿಗೆ ಬೇಯಿಸಿ ಹಾಕುತ್ತಿದ್ದಳು. ತಗ್ಗಿನ ತೋಟಗಳಲ್ಲಿ ಸಕಾವ್ ಬೇರು ಕೊಳೆಯುವ ರೋಗ ಹಬ್ಬಿದ ಕಾಲದಲ್ಲಿ ಊರಿನ ಗಂಡಸರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆಗ ಗಿಡದ ತುಂಡುಗಳನ್ನು ಗುಡ್ಡದ ನೆತ್ತಿಯ ಮೋಡದ ಕಾಡಿಗೆ ಹೊತ್ತೊಯ್ದವನು ತದಾಸಿ. ಅಲ್ಲಿಯ ಕರಿಮಣ್ಣಿನಲ್ಲಿ ಗಿಡ ಹುಚ್ಚಾಗಿ ಬೆಳೆಯಿತು. ಹಬ್ಬದ ಚಾವಡಿಗೆ ಅವನ ಗಿಡ ಹೊತ್ತು ತರಲು ಗಂಡಸರು ಸಾಲಾಗಿ ಹೆಗಲು ಕೊಡಬೇಕಾಗುತ್ತಿತ್ತು. ಬಿಸಿಲು ಬೀಳಲೆಂದು ಅವನು ಮರ ಕಡಿಯುತ್ತಿರಲಿಲ್ಲ, ಕಡಿದರೆ ಕೆಳಗೆ ಸದ್ದು ಕೇಳುತ್ತದೆ. ಬುಡದ ಸುತ್ತ ತೊಗಟೆ ಸುಲಿದು ಬಿಟ್ಟುಬಿಡುತ್ತಿದ್ದ. ಮರ ನಿಂತಲ್ಲೇ ಸಾಯುತ್ತಿತ್ತು, ಮಣ್ಣು ಹಿಡಿದಿದ್ದ ಬೇರೂ ಸಾಯುತ್ತಿತ್ತು, ಯಾರಿಗೂ ತಿಳಿಯದ ಹಾಗೆ. ಅವನನ್ನು ನೋಡಿ ಉಳಿದವರೂ ಗುಟ್ಟಾಗಿ ಹತ್ತಿದರು, ಗುಟ್ಟಾಗಿ ಸುಲಿದರು.

ಆ ವರ್ಷ ಮಳೆ ನಿಲ್ಲಲೇ ಇಲ್ಲ. ಪೊನ್ಪೆಯಲ್ಲಿ ಮಳೆಯ ಬಗ್ಗೆ ಯಾರೂ ದೂರುವುದಿಲ್ಲ, ಆದರೆ ಆ ಸಲ ಮುದುಕಿಯರೂ ಚಾಪೆ ಒಣಗಲಿಲ್ಲವೆಂದು ಗೊಣಗತೊಡಗಿದ್ದರು. ಪದವಿಯ ಹಬ್ಬ ಹತ್ತಿರ ಬಂದಿತ್ತು. ಗಿಡ ಹೇಗಿದೆ ನೋಡಿಬರೋಣ ಎಂದು ತದಾಸಿ ಹೊರಟ.

ತೆಂಗು, ಹಲಸು ಹಿಂದಾದವು. ಹಲಸೆಂದರೆ ಅಲ್ಲಿಯದು, ಸುಟ್ಟು ತಿನ್ನುವ ಜೀವಹಲಸು. ಆಮೇಲೆ ಏಲಕ್ಕಿಯಂಥ ಗಿಡಗಳು ಬೆಳೆದ ಕೆಸರು, ಆಮೇಲೆ ಕಲ್ಲು. ಎತ್ತರಕ್ಕೆ ಬಂದಂತೆ ಮರಗಳು ಕುಳ್ಳಗಾಗಿ, ಗಂಟುಗಂಟಾಗಿ, ಮೈತುಂಬ ಪಾಚಿ ಹೊದ್ದು ನಿಂತವು. ಮೋಡ ಮೇಲಿನಿಂದ ಇಳಿಯಲಿಲ್ಲ, ಪಕ್ಕದಿಂದ ಬಂತು, ಬಂದು ಅವನ ಮತ್ತು ಅವನ ಕೈಯ ನಡುವೆ ನಿಂತಿತು. ಹಿಂದೊಮ್ಮೆ ಸುತ್ತಿಗೆ ಹಿಡಿದು ಬಂದ ಪರದೇಶಿಗಳು ಈ ಗುಡ್ಡ ಒಂದು ಕಾಲದಲ್ಲಿ ಬೆಂಕಿ ಉಗುಳುತ್ತಿತ್ತು, ಈಗ ಸತ್ತುಹೋಗಿದೆ ಎಂದಿದ್ದರು. ಇಷ್ಟು ನೀರಿರುವ ಕಡೆ ಬೆಂಕಿ ಎಲ್ಲಿಂದ ಬರುತ್ತದೆ ಎಂದು ಊರು ತಿಂಗಳುಗಟ್ಟಲೆ ನಕ್ಕಿತ್ತು. ತದಾಸಿ ನಕ್ಕಿರಲಿಲ್ಲ. ಸತ್ತದ್ದು ಎಂದು ಅವನಿಗೆ ಆ ಗುಡ್ಡದಲ್ಲಿ ಯಾವತ್ತೂ ಅನ್ನಿಸಿರಲಿಲ್ಲ. ಆ ಮೋಡದೊಳಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಹೆಸರು ಹಿಡಿದು ಕೂಗುವುದಂತೂ ಇಲ್ಲವೇ ಇಲ್ಲ. ಕೂಗಿದರೆ ಬೇರೆ ಯಾರೋ ಓಗೊಡುತ್ತಾರೆ ಎಂದು ಅವನ ಸೋದರಮಾವ ಹೇಳಿಕೊಟ್ಟಿದ್ದ.

ಅಂದು ಹಕ್ಕಿಗಳ ಸದ್ದಿರಲಿಲ್ಲ. ಯಾವಾಗಲೂ ಗುಂಪಾಗಿ ಕಿರುಚಿಕೊಂಡು ಹಾರುವ ಕೆಂಪು ಗಿಳಿಗಳು ಒಂದೂ ಇರಲಿಲ್ಲ. ತೋಟ ತಲುಪಿದಾಗ ಮೊದಲು ಅವನ ಕಣ್ಣಿಗೆ ಬಿದ್ದದ್ದು ಸತ್ತ ಮರಗಳು. ಎಂದೋ ತಾನೇ ತೊಗಟೆ ಸುಲಿದ ಆ ಬಿಳಿ ಮರಗಳೆಲ್ಲ ಒಂದೇ ಕಡೆ, ಕೆಳಕ್ಕೆ, ವಾಲಿದ್ದವು. ಗಾಳಿಗೆ ವಾಲಿದರೆ ಹಾಗೆ ಎಲ್ಲವೂ ಒಂದೇ ಕಡೆ ವಾಲುವುದಿಲ್ಲ. ಅವನು ತೋಟದ ಮೇಲಂಚಿಗೆ ಹೋದ. ಅಲ್ಲಿ ಪಾಚಿ ಹರಿದಿತ್ತು. ಪಾಚಿಯ ಕೆಳಗೆ ಮಣ್ಣೂ ಹರಿದಿತ್ತು. ಗುಡ್ಡದ ಅಡ್ಡಕ್ಕೆ, ಮೋಡ ಕಾಣಬಿಟ್ಟಷ್ಟು ದೂರಕ್ಕೂ ಬಿರುಕು ಹೋಗಿತ್ತು. ಒಂದು ಉದ್ದನೆಯ ಕೋಲು ಕಡಿದು ಒಳಗೆ ಇಳಿಬಿಟ್ಟ. ತಳ ಸಿಗಲಿಲ್ಲ. ಮಳೆಯ ನೀರು ನಾಲ್ಕೂ ಕಡೆಯಿಂದ ಬಂದು ಅದರೊಳಗೆ ಇಳಿಯುತ್ತಿತ್ತು, ಇಳಿದ ಮೇಲೆ ಸದ್ದಿರಲಿಲ್ಲ.

ಅವನು ತೋಟದ ಕೆಳಂಚಿಗೆ ಬಂದು ಕೂತ. ಆಗ ಗಾಳಿ ಬೀಸಿ ಮೋಡ ಸ್ವಲ್ಪ ಬಿಡಿಸಿಕೊಂಡಿತು. ಕಾಲ ಬುಡದಲ್ಲೇ, ಕೆಳಗೆ, ಇನ್ನೊಂದು ಸಕಾವ್ ತೋಟ ಕಂಡಿತು. ಅವನ ಕತ್ತು ತಾನಾಗಿ ತಿರುಗಿತು, ಆದರೆ ಅಷ್ಟರಲ್ಲಿ ಕಣ್ಣು ನೋಡಿಯಾಗಿತ್ತು. ಗಿಡಗಳನ್ನು ಊರುಗೋಲಿಗೆ ಎಡಗೈಯ ಗಂಟಿನಲ್ಲಿ ಕಟ್ಟಿತ್ತು. ಇಡೀ ಊರಿನಲ್ಲಿ ಎಡಗೈಯಲ್ಲಿ ಗಂಟು ಹಾಕುವವನು ಒಬ್ಬನೇ, ಸೋನಿಸ್, ಕಿಯೋಮಿಯ ಗಂಡ. ಆ ತೋಟದ ನೇರ ಕೆಳಗೆ, ತೊರೆಯ ಪಕ್ಕ, ಒಂದು ತಗಡಿನ ಮಾಡಿನಿಂದ ಹೊಗೆ ಏಳುತ್ತಿತ್ತು. ಅದು ಕಿಯೋಮಿಯ ಅಡುಗೆಮನೆ. ಅಲ್ಲಿ ಅವಳು, ಅವಳ ಮಗಳು, ಮೊಮ್ಮಕ್ಕಳು.

ತದಾಸಿ ಇಳಿದು ನೇರ ತಂಗಿಯ ಮನೆಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಲ್ಲಿ ಹೊಂದಿಸಿಕೊಂಡ. ಗುಡ್ಡ ಬಿರಿದಿದೆ. ಎಲ್ಲಿ ಬಿರಿದಿದೆ ಅಂದರೆ ನನ್ನ ತೋಟದ ಮೇಲೆ. ನನ್ನ ತೋಟ ಎಲ್ಲಿ ಅಂದರೆ ನಿನ್ನ ತೋಟದ ಮೇಲೆ. ನಿನ್ನ ತೋಟ ನನಗೆ ಹೇಗೆ ಗೊತ್ತು ಅಂದರೆ, ನೋಡಿದೆ. ಅದೂ ಭಾವನ ಮುಂದೆ, ತಂಗಿ ಕೇಳಿಸಿಕೊಳ್ಳುವ ಹಾಗೆ. ಮನೆ ಮುಟ್ಟುವ ಹೊತ್ತಿಗೆ ಒಂದು ಮಾತೂ ಬಾಯಲ್ಲಿ ಉಳಿದಿರಲಿಲ್ಲ.

ಸೋನಿಸ್ ಜಗಲಿಯಲ್ಲಿ ಕೂತು ಸುಟ್ಟ ಜೀವಹಲಸಿನ ಸಿಪ್ಪೆ ಕೆರೆಯುತ್ತಿದ್ದ. ದಪ್ಪ ಆಳು, ಯಾವಾಗಲೂ ನಗೆ.

"ಬನ್ನಿ ಭಾವ. ಮೀನು ಸಿಕ್ತಾ?"

"ಇಲ್ಲ."

"ಕಾಲ್ಮೇಲೆ ಕರಿಮಣ್ಣು ಮೆತ್ಕೊಂಡಿದೆ. ಸಮುದ್ರ ಇತ್ತೀಚೆಗೆ ತುಂಬಾ ಕೊಳೆಯಾಗಿದೆ ಬಿಡಿ."

ಕಿಯೋಮಿ ಒಳಗೇ ನಕ್ಕಳು. ತದಾಸಿ ನಗಲಿಲ್ಲ. "ಮಳೆ ಜಾಸ್ತಿ ಆಯ್ತು," ಅಂದ. "ಸ್ವಲ್ಪ ದಿನ ಎಲ್ಲರೂ ನಮ್ಮನೇಗ್ ಬಂದಿರಿ."

"ನಿಮ್ಮನೇಗಾ?" ಸೋನಿಸ್ ಕೆರೆಯುವುದನ್ನು ನಿಲ್ಲಿಸಿದ. "ನಿಮ್ಮನೇಲಿ ಹೊರಗಿಗಿಂತ ಒಳಗೇ ಜಾಸ್ತಿ ಮಳೆ. ಮಕ್ಕಳು ಈಜು ಕಲೀಲಿ ಅಂತಾನಾ?"

"ತೊರೆ ನೀರು ಹೇಗಿದೆ?"

ಕಿಯೋಮಿ ಹೊರಗೆ ಬಂದಳು. "ಅಣ್ಣ, ಅದೇ ನಾನೂ ಇವರ್ಗೆ ಹೇಳ್ತಿದ್ದೆ. ಮೊನ್ನೆಯಿಂದ ಚಹಾದ ಬಣ್ಣ ಬರ್ತಿದೆ. ಬೆಳಗ್ಗೆ ಒಂದ್ಸಲ ನಿಂತೇಹೋಗಿತ್ತು. ಇಷ್ಟು ಮಳೇಲಿ ತೊರೆ ನಿಲ್ಲುತ್ತಾ?"

ತದಾಸಿ ಭಾವನ ಮುಖ ನೋಡಿದ. ಸೋನಿಸ್ ಹಲಸಿನ ಕಾಯಿ ನೋಡುತ್ತಿದ್ದ. ಅದರಲ್ಲಿ ಕೆರೆಯಲು ಇನ್ನೇನೂ ಉಳಿದಿರಲಿಲ್ಲ, ಆದರೂ ಕೆರೆದ. "ಮೇಲೆ ಎಲ್ಲೋ ಮರ ಬಿದ್ದಿರ್ಬೇಕು," ಅಂದ. "ತಿನ್ನಿ ಭಾವ, ಆರೋಗುತ್ತೆ."

ತದಾಸಿ ತಿಂದ. ತಿಂದು ಎದ್ದ. ತಿರುಗಿ ನೋಡಿದರೆ ಕಿಯೋಮಿಯ ಮೊಮ್ಮಗಳು ತೊರೆಯ ಕೆಸರು ನೀರಿನಲ್ಲಿ ಬಟ್ಟಲು ತೊಳೆಯುತ್ತಿದ್ದಳು.

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ಉಪಾಯ ಹೊಳೆದಿತ್ತು, ಹೊಳೆದದ್ದಕ್ಕೆ ಸಮಾಧಾನವೂ ಆಗಿತ್ತು. ಪೊನ್ಪೆಯಲ್ಲಿ ತಪ್ಪೊಪ್ಪಿಗೆಯ ಸಕಾವ್ ಎಂದು ಒಂದುಂಟು. ತಪ್ಪು ಮಾಡಿದವನು ತನ್ನ ಕೈಲಾದಷ್ಟು ದೊಡ್ಡ ಗಿಡ ಹೊತ್ತು ಊರಿನ ಯಜಮಾನನ ಚಾವಡಿಗೆ ಬರುತ್ತಾನೆ. ಯಾರಿಗೆ ಅನ್ಯಾಯವಾಗಿದೆಯೋ ಅವನಿಗೆ ಕರೆ ಹೋಗುತ್ತದೆ. ಅವನು ಮನೆಮಂದಿಯನ್ನೆಲ್ಲ ಕರೆದುಕೊಂಡು ಬರಬೇಕು, ಚಿಪ್ಪು ಕೈಗೆ ಕೊಟ್ಟರೆ ಕುಡಿಯಬೇಕು, ಕುಡಿದರೆ ಕ್ಷಮಿಸಿದಂತೆ. ಕೊಲೆಯಾದವನ ತಮ್ಮನೇ ಆಗಲಿ, ಚಿಪ್ಪು ಬೇಡ ಎನ್ನುವ ಹಾಗಿಲ್ಲ. ಮನೆ ಖಾಲಿಯಾಗುತ್ತದೆ. ತುಂಬಿದ ಚಾವಡಿಯಲ್ಲಿ, ಸಕಾವ್ ಮುಂದೆ ಇಟ್ಟುಕೊಂಡು, ನಿನ್ನ ತೋಟ ನೋಡಿದೆ ಎಂದರೆ ಅದು ಹೇಸಿಗೆಯಾಗುವುದಿಲ್ಲ, ಒಪ್ಪಿಕೊಂಡ ತಪ್ಪಾಗುತ್ತದೆ. ಬಾಯಿಬಿಟ್ಟು ಎರಡು ಮಾತು ಹೇಳಲಾರದ ಮನುಷ್ಯ ಅದರ ಬದಲು ಒಂದು ಗುಡ್ಡ ಹತ್ತಲು ತಯಾರಾದ.

ಹತ್ತಿದ. ಬಿರುಕು ಅಗಲವಾಗಿತ್ತು. ನಿನ್ನೆ ಹಾರಿ ದಾಟಬಹುದಾಗಿದ್ದದ್ದು ಇಂದು ಆಗುವಂತಿರಲಿಲ್ಲ. ಅದರ ಕಡೆಗೆ ಬೆನ್ನು ಹಾಕಿ ಅವನು ತನ್ನ ಎಲ್ಲಕ್ಕಿಂತ ದೊಡ್ಡ ಗಿಡದ ಬುಡ ಬಿಡಿಸಿದ. ಬೇರು ಕಿತ್ತಾಗ ಗುಂಡಿಯೊಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮಣ್ಣಿನೊಳಗಿನಿಂದ ಗಾಳಿ. ಅವನು ಗಿಡವನ್ನು ಬೆನ್ನಿಗೆ ಕಟ್ಟಿಕೊಂಡು, ಬಿದ್ದು ಎದ್ದು, ಕೈಕಾಲು ತರಚಿಕೊಂಡು ಇಳಿದ.

ಈ ಸಲ ಕಳ್ಳದಾರಿಯಲ್ಲ, ನಡುರಸ್ತೆ. ಹಗಲು ಹೊತ್ತಿನಲ್ಲಿ ಗಿಡ ಹೊತ್ತು ಬಂದವನನ್ನು ಕಂಡು ಜನ ಮರ್ಯಾದೆಯಿಂದ ಮುಖ ತಿರುಗಿಸಿ ನಿಂತರು. ಯಜಮಾನ ಯೊವಾನಿಸ್ ಚಾವಡಿಯ ಕಟ್ಟೆಯ ಮೇಲೆ ಕಾಲು ನೀವಿಕೊಳ್ಳುತ್ತಿದ್ದ. ಮುದುಕ, ಒಳ್ಳೆಯವನು, ಯಾರ ಮನಸ್ಸನ್ನೂ ನೋಯಿಸದೆ ಯಜಮಾನಿಕೆ ಮಾಡಿದವನು.

"ತಪ್ಪೊಪ್ಪಿಗೇದು, ಯಜಮಾನ್ರೇ," ಅಂದ ತದಾಸಿ. "ಸೋನಿಸ್‌ಗೆ ಕರೆ ಕಳಿಸ್ಬೇಕು. ಮನೆಯವರೆಲ್ಲರಿಗೂ. ಈಗ್ಲೇ."

"ನೀನಾ? ನೀನು ಅವನಿಗೇನ್ ಮಾಡಿದೀಯಪ್ಪ?"

"ಎಲ್ಲರೂ ಬಂದ್ಮೇಲೆ ಹೇಳ್ತೀನಿ. ಮನೇಲಿ ಒಂದು ಹುಳಾನೂ ಉಳೀಬಾರ್ದು."

ಯೊವಾನಿಸ್ ಅವನನ್ನೊಮ್ಮೆ, ಗಿಡವನ್ನೊಮ್ಮೆ ನೋಡಿ ಕರೆ ಕಳಿಸಿದ. ಗಂಡಸರು ಅಂಗಿ ಕಳಚಿ ಬೇರು ತೊಳೆದರು, ಚಪ್ಪಟೆ ಕಲ್ಲಿನ ಸುತ್ತ ಕೂತು ಜಜ್ಜತೊಡಗಿದರು. ಕಲ್ಲಿಗೆ ಕಲ್ಲು ಬಡಿದಾಗ ಗಂಟೆಯ ನಾದ ಬರುತ್ತದೆ, ಊರಿಗೆಲ್ಲ ಕೇಳುತ್ತದೆ. ತದಾಸಿ ಮೂಲೆಯಲ್ಲಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದ. ಮಳೆ ಮತ್ತೆ ಜೋರಾಯಿತು.

ಕಿಯೋಮಿ ಬಂದಳು. ಹಿಂದೆ ಮಗಳು, ಕಂಕುಳಲ್ಲಿ ಕೂಸು, ಮಕ್ಕಳು, ಬಾಳೆ ಎಲೆ ತಲೆಗೆ ಹಿಡಿದು ಸಾಲಾಗಿ. ನಾಯಿಯೂ ಬಂತು. ತದಾಸಿಯ ಎದೆ ಹಗುರಾಯಿತು. ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಗುರುತು ಹಿಡಿದ. ಒಂದು ಮುಖ ಇರಲಿಲ್ಲ.

"ಭಾವ ಎಲ್ಲಿ?"

"ಬರ್ತಾರೆ ಅಣ್ಣ." ಕಿಯೋಮಿ ಸೆರಗಿನಂತೆ ಹೊದ್ದ ಬಟ್ಟೆ ಹಿಂಡಿದಳು. "ನೀನು ಅಷ್ಟು ದೊಡ್ಡ ಗಿಡ ತಂದಿದೀಯ ಅಂತ ಕೇಳಿ ಪೆಚ್ಚಾದ್ರು. ತದಾಸಿ ಭಾವ ಅಂಥಾದ್ದು ತಂದಿರೋವಾಗ ನಾನು ಬರಿಗೈಲಿ ಹೇಗೆ ಬರ್ಲಿ, ನೀವು ನಡೀರಿ ಅಂದ್ರು. ಮೀನಿಗೆ ಹೋದ್ರು."

ಜಜ್ಜುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು.

"ಗಾಳ ತಗೊಂಡು ಹೋದ್ನಾ?" ಅಂದ ತದಾಸಿ. "ಕಿಯೋಮಿ, ಏನ್ ತಗೊಂಡು ಹೋದ?"

ತೋಟದ ಮಾತನ್ನು ಹೀಗೆ ಎಲ್ಲರೆದುರು ಕೆದಕುತ್ತಿರುವ ಅಣ್ಣನನ್ನು ಕಂಡು ಅವಳಿಗೆ ನಾಚಿಕೆಯಾಯಿತು. "ಮಚ್ಚು," ಅಂದಳು ಮೆಲ್ಲಗೆ.

ಬರಿಗೈಯಲ್ಲಿ ಯಾರೂ ಚಾವಡಿಗೆ ಬರುವುದಿಲ್ಲ. ಇದು ತದಾಸಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಉಪಾಯದಲ್ಲಿ ಎಲ್ಲ ಯೋಚಿಸಿದ್ದ, ಇದೊಂದನ್ನು ಬಿಟ್ಟು. ಭಾವ ಗುಡ್ಡಕ್ಕೆ ಹೋಗಲು ಕಾರಣ ತನ್ನ ಗಿಡ. ಅದು ಚಿಕ್ಕದಾಗಿದ್ದರೆ ಅವನು ಅಂಗಳದ ಬಾಳೆಗೊನೆ ಹಿಡಿದು ಬರುತ್ತಿದ್ದ.

ತದಾಸಿ ಎದ್ದು ನಿಂತ. ಕಲ್ಲಿನ ಸದ್ದು ನಿಂತಿತು. ಆಮೇಲೆ ಅವನು ಹೇಳಿದ, ಇಡೀ ಚಾವಡಿಗೆ ಕೇಳುವ ಹಾಗೆ. "ಗುಡ್ಡ ಬಿರಿದಿದೆ. ನನ್ನ ತೋಟದ ಮೇಲೆ. ಅದರ ಕೆಳಗೆ ಸೋನಿಸ್ ತೋಟ. ಅದರ ಕೆಳಗೆ ಇವರ ಮನೆ. ನಿನ್ನೆ ನೋಡಿದೆ."

ಯೊವಾನಿಸ್ ತಲೆ ತಗ್ಗಿಸಿದ. "ಬಿರುಕು ಗೊತ್ತು," ಅಂದ. "ಹೋದ ಮಳೆಗಾಲದಲ್ಲಿ ಸೋನಿಸ್ಸೇ ಬಂದು ನನ್ನ ಕಿವೀಲಿ ಹೇಳಿದ್ದ. ಆಗ ಪಾಚಿ ಕೆಳಗೆ ಕೈ ಇಡೋಷ್ಟು ಇತ್ತಂತೆ. ಯಾರದೋ ತೋಟದ ಮೇಲಿದೆ, ಯಾರದು ಅಂತ ಹೇಗೆ ಕೇಳೋದು ಅಂದ. ನಾನೂ ಹೇಗೆ ಕೇಳೋದು ಅಂದೆ. ಇಬ್ರೂ ಸುಮ್ಮನಾದ್ವಿ."

ಕಿಯೋಮಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅದರ ಕೆಳಗೆ ನಾನು ಮಕ್ಕಳನ್ನ ಮಲಗಿಸ್ತೀನಿ ಅನ್ನೋದು," ಅಂದಳು, "ನಿಮ್ಮಲ್ಲಿ ಒಬ್ಬರಿಗೂ ನೆನಪಿಗೆ ಬರ್ಲಿಲ್ವಾ?"

ತದಾಸಿ ಚಾವಡಿಯಿಂದ ಇಳಿದ. ಮಳೆಯಲ್ಲಿ ಓಡಿದ. ತೊರೆಯಲ್ಲಿ ನೀರೇ ಇರಲಿಲ್ಲ, ಬರೀ ಕಲ್ಲುಗಳು ಹೊಳೆಯುತ್ತಿದ್ದವು. ಅದನ್ನು ಕಂಡ ಮೇಲೆ ಅವನು ಎಲ್ಲ ಮರೆತ, ಸೋದರಮಾವ ಕಲಿಸಿದ್ದನ್ನೂ ಮರೆತ. ಮೋಡದ ಅಂಚಿನಲ್ಲಿ ನಿಂತು ಭಾವನ ಹೆಸರು ಹಿಡಿದು ಕೂಗಿದ. "ಸೋನಿಸ್... ಇಳಿದು ಬಾ... ಗುಡ್ಡ ಬಿರಿದಿದೆ..." ಮತ್ತೆ ಕೂಗಿದ. ಮೇಲಿನಿಂದ, ಬಿಳುಪಿನ ಒಳಗಿನಿಂದ, ಓಗೊಟ್ಟದ್ದು ಕೇಳಿತು. ಮನುಷ್ಯನ ದನಿಯೇ. ಎಂದಿನಂತೆ ನಗೆ ಬೆರೆತ ದನಿ.

"ಬಂದೆ ಭಾವ. ಬೇರು ಬಿಡ್ತಾ ಇದೆ. ಇನ್ನೊಂಚೂರು."

ಆಮೇಲೆ ಗುಡ್ಡ ಬಂತು. ಅವನಿಗೆ ಏನೂ ಕಾಣಲಿಲ್ಲ, ಮೋಡ ಎಲ್ಲವನ್ನೂ ಮುಚ್ಚಿತ್ತು. ಮರಗಳು ಮುರಿಯುವುದು ಕೇಳಿತು, ಕಲ್ಲುಗಳು ಒಂದನ್ನೊಂದು ತಳ್ಳುವುದು ಕೇಳಿತು, ಹಸಿಮಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ಅವನು ನಿಂತಿದ್ದ ದಿಣ್ಣೆಯ ಪಕ್ಕದಿಂದಲೇ ಅದು ಹಾದುಹೋಯಿತು. ತೊರೆಯ ಜಾಡು ಹಿಡಿದು ಕಿಯೋಮಿಯ ಮನೆಯ ಮೇಲೆ ಇಳಿದು, ಅಡುಗೆಮನೆ, ಜಗಲಿ, ಜೀವಹಲಸಿನ ಮರ ಎಲ್ಲವನ್ನೂ ಎಳೆದುಕೊಂಡು ಕಾಂಡ್ಲಾ ಗಿಡಗಳವರೆಗೂ ಹೋಗಿ ನಿಂತಿತು. ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಸೋನಿಸ್ ಸಿಗಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ.

ಜಜ್ಜಿದ ಸಕಾವ್ ಕಲ್ಲಿನ ಮೇಲೆ ಹಾಗೇ ಇತ್ತು. ಅದನ್ನು ಎಸೆಯುವಂತಿಲ್ಲ. ಹುಡುಕಾಟ ಮುಗಿದ ಮೇಲೆ, ಅಳುವವರು ಅಳುತ್ತಿರುವಾಗಲೇ, ಯೊವಾನಿಸ್ ಅದನ್ನು ಹಿಂಡಿಸಿದ. ಸೋನಿಸ್‌ಗೆ ಸಲ್ಲಬೇಕಾಗಿದ್ದ ಮೊದಲ ಚಿಪ್ಪನ್ನು ತದಾಸಿ ಕೆಸರುಗೈಯಲ್ಲೇ ಹಿಡಿದು ತಂಗಿಯ ಮುಂದೆ ಕೂತ. ಬೇಡ ಎನ್ನುವ ಹಾಗಿಲ್ಲ. ಕಿಯೋಮಿ ಬೇಡ ಎನ್ನಲಿಲ್ಲ. ಸಕಾವ್ ಕುಡಿಯುವವರು ಕಣ್ಣು ಮುಚ್ಚಿಕೊಂಡು ಕುಡಿಯುತ್ತಾರೆ, ಅದೂ ಮರ್ಯಾದೆಯೇ. ಅವಳು ಕಣ್ಣು ತೆರೆದುಕೊಂಡೇ, ಅಣ್ಣನ ಮುಖವನ್ನೇ ನೋಡುತ್ತಾ, ಕೊನೆಯ ಹನಿಯವರೆಗೂ ಕುಡಿದು ಚಿಪ್ಪು ವಾಪಸು ಕೊಟ್ಟಳು. ಕ್ಷಮಿಸಿದಂತಾಯಿತು ಎಂದು ಯಜಮಾನ ಹೇಳಿದ. ಅವಳು ಹೇಳಲಿಲ್ಲ.

ಹೋಗುವಾಗ ಚಾವಡಿಯ ಮೂಲೆಯಲ್ಲಿ ಬಿದ್ದಿದ್ದ ಆ ಗಿಡದ ಕಡ್ಡಿಗಳನ್ನು ಅವಳು ಎತ್ತಿಕೊಂಡಳು. ಗಿಣ್ಣು ಗಿಣ್ಣಾದ ಆ ಕಡ್ಡಿ ಎಲ್ಲಿ ಊರಿದರೂ ಚಿಗುರುತ್ತದೆ. ಊರು ಅವಳಿಗೆ ಕಟ್ಟಿಕೊಟ್ಟ ಹೊಸ ಮನೆ ರಸ್ತೆಯ ಪಕ್ಕ, ಗುಡ್ಡದಿಂದ ದೂರ. ಅದರ ಮುಂದೆ, ಬೇಲಿಯೂ ಇಲ್ಲದೆ, ಬಸ್ಸು ನಿಲ್ಲುವ ಜಾಗದಲ್ಲಿ, ಹೆಂಗಸಾದವಳು ಸಕಾವ್ ನೆಟ್ಟಳು. ಊರಿಗೆ ಊರೇ ಮುಜುಗರದಿಂದ ಒದ್ದಾಡಿತು. ಇಗರ್ಜಿಗೆ ಹೋಗುವವರು, ಬರುವವರು, ಮೀನು ಮಾರುವವರು ಎಲ್ಲರೂ ಅಲ್ಲಿಗೆ ಬಂದಾಗ ಕತ್ತು ಆ ಕಡೆ ಮಾಡಿಕೊಂಡು ನಡೆದರು. ಪಾಪ, ಕೆಲವರು ಚರಂಡಿಗೂ ಬಿದ್ದರು.

ತದಾಸಿ ಮತ್ತೆ ಗುಡ್ಡ ಹತ್ತಲಿಲ್ಲ. ತಂಗಿ ಊಟ ಕಳಿಸುತ್ತಿದ್ದಳು, ಮಾತು ಕಳಿಸುತ್ತಿರಲಿಲ್ಲ. ದಿನವೂ ಅವನು ಅವಳ ಮನೆಯ ಮುಂದೆ ಹಾದುಹೋಗುತ್ತಿದ್ದ, ದಿನವೂ ಅವನ ಕತ್ತು ತಾನಾಗಿ ತಿರುಗುತ್ತಿತ್ತು. ಮತ್ತೆ ಮಳೆ ಹಿಡಿದ ಒಂದು ಮಧ್ಯಾಹ್ನ ಹಾಗೆ ಹೋಗುತ್ತಿದ್ದವನು ಅಲ್ಲೇ ನಿಂತ. ಕತ್ತನ್ನು ಬಲವಂತವಾಗಿ ಈ ಕಡೆ ತಿರುಗಿಸಿದ. ಎಲೆಗಳ ಅಂಚು ಕಪ್ಪಾಗಿತ್ತು, ಕಾಂಡದ ಬುಡ ಮೆತ್ತಗಾಗಿತ್ತು. ತಗ್ಗಿನ ರೋಗ.

ಬಾಗಿಲಲ್ಲಿ ಕಿಯೋಮಿ ಕೂತಿದ್ದಳು.

"ಕಿಯೋಮಿ," ಅಂದ ತದಾಸಿ. ಮುಂದಿನ ಮಾತು ಹೊರಡಿಸುವುದಕ್ಕೆ ಅವನಿಗೆ ಗುಡ್ಡ ಹತ್ತಿದಷ್ಟು ಉಸಿರು ಬೇಕಾಯಿತು. "ನಿನ್ನ ಗಿಡ ನೋಡಿದೆ. ಬೇರು ಕೊಳೀತಾ ಇದೆ."

"ಗೊತ್ತು ಅಣ್ಣ," ಅಂದಳು ಅವಳು. "ಹೋದ ತಿಂಗಳಿಂದ ಕೊಳೀತಾ ಇದೆ. ಯಾರಾದ್ರೂ ಹೇಳ್ತಾರಾ ಅಂತ ಕೂತಿದೀನಿ."